ಇಟ್ಟಿಗೆ ಸುತ್ತಿನ ಅಗ್ನಿಶಿಖೆ

ಹಿತ್ತಿಲಲ್ಲಿ ಬಿಸಿಲು ಬೀಳುವ ಜಾಗ ಒಂದೇ ಒಂದು. ಅದು ಗಿಡದ್ದು.

ಮೂರು ಕಡೆ ಆಳೆತ್ತರದ ಗೋಡೆ, ನಾಲ್ಕನೆಯ ಕಡೆ ಅಡುಗೆಮನೆಯ ಬಾಗಿಲು. ಬೆಳಗಿನ ಸೂರ್ಯನನ್ನು ಗೋಡೆಯಾಚೆಯ ಬಸ್ ರಿಪೇರಿ ಶೆಡ್ಡಿನ ತಗಡಿನ ಮಾಡು ತಡೆದರೆ, ಮಧ್ಯಾಹ್ನದ ಸೂರ್ಯನನ್ನು ಪಕ್ಕದ ಎರಡಂತಸ್ತಿನ ಮನೆ ತಡೆಯುತ್ತಿತ್ತು. ನಡುವೆ ಹತ್ತರಿಂದ ಒಂದು ಗಂಟೆಯವರೆಗೆ ಮೂಲೆಯಲ್ಲಿ ಚಾಪೆಯಗಲದ ಬಿಸಿಲು. ಆ ಬಿಸಿಲಿನ ನಟ್ಟನಡುವೆ ಅರ್ಧ ಹೂತ ಇಟ್ಟಿಗೆಗಳ ಸುತ್ತು. ಸುತ್ತಿನೊಳಗೆ ವರ್ಷದ ಏಳು ತಿಂಗಳು ಬರೀ ಮಣ್ಣು.

ಮದುವೆಯಾಗಿ ಆ ಮನೆಗೆ ಬಂದ ಮರುದಿನ ಸೂಜಿ ಒದ್ದೆ ಬಟ್ಟೆಯ ಬಕೆಟ್ಟನ್ನು ತಂದು ಆ ಸುತ್ತಿನೊಳಗೇ ಇಟ್ಟಳು. ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜಿ ಕೂಗಿಕೊಂಡರು.

"ಅಯ್ಯೋ, ಅಲ್ಲಲ್ಲ! ತೆಗಿಯಮ್ಮಾ, ತೆಗಿ. ಕೆಳಗೆ ಅವಳಿದ್ದಾಳೆ."

ಸೂಜಿ ಬಕೆಟ್ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಹಾರಿದಳು. ಕೆಳಗಿರುವುದು ಅಗ್ನಿಶಿಖೆಯ ಗೆಡ್ಡೆ, ಅದನ್ನು ನೆಟ್ಟದ್ದು ಗಂಡನ ತೀರಿಹೋದ ಮೊದಲ ಹೆಂಡತಿ, ಈ ಅಜ್ಜಿ ಆ ಮೊದಲ ಹೆಂಡತಿಯ ತಾಯಿ ಎಂಬುದೆಲ್ಲ ಬಿಡಿಬಿಡಿಯಾಗಿ ತಿಳಿಯಿತು. ಅಜ್ಜಿ ಮನೆಯಲ್ಲಿರುತ್ತಾರೆ ಎಂದು ಮದುವೆಗೆ ಮುಂಚೆ ಅಣ್ಣ ಹೇಳಿದ್ದ. ಯಾರ ಕಡೆಯ ಅಜ್ಜಿ ಎಂದು ಹೇಳಿರಲಿಲ್ಲ. "ಒಳ್ಳೆ ಮನೆ, ತಂಟೆ ತಕರಾರಿಲ್ಲ, ಒಬ್ಬರು ವಯಸ್ಸಾದವರಿದ್ದಾರೆ ಅಷ್ಟೆ" ಎಂದಿದ್ದ. ಮೂವತ್ತೇಳು ವಯಸ್ಸಿನ ತಂಗಿಗೆ ಅದಕ್ಕಿಂತ ಹೆಚ್ಚು ವಿವರ ಯಾಕೆ ಎಂದುಕೊಂಡನೋ ಏನೋ.

ಸೂಜಿ ಎನ್ನುವುದು ಅವಳಿಗೆ ಪ್ರೆಸ್ಸಿನಲ್ಲಿ ಬಿದ್ದ ಹೆಸರು. ಹದಿನಾರು ವರ್ಷ ಅಲ್ಲಿ ಬೈಂಡಿಂಗ್ ಮಾಡಿದವಳು. ಅಚ್ಚಾದ ದೊಡ್ಡ ಹಾಳೆಗಳನ್ನು, ಅಂದರೆ ಫಾರಂಗಳನ್ನು, ಮಡಚಿ, ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ ಒಣಗಲು ಇಡುವ ಕೆಲಸ. ಕಡ್ಡಿಯ ಹಾಗಿದ್ದಳು, ಮಾತೂ ಚುಚ್ಚುತ್ತಿತ್ತು, ಹೊಲಿಗೆಯಂತೂ ಗಟ್ಟಿ. ಹೆಸರು ಅಂಟಿಕೊಂಡಿತು. ಮದುವೆಯಾದ ತಿಂಗಳಿಗೆ ಆ ಕೆಲಸ ಬಿಟ್ಟಳು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಬ್ಬರನ್ನೇ ಬಿಟ್ಟರೆ ಒಲೆಯ ಹತ್ತಿರ ಹೋಗುತ್ತಿದ್ದರು. ಕೆಲಸ ಬಿಡು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಂಡ ಬೆಳಿಗ್ಗೆ ಒಂಬತ್ತಕ್ಕೆ ಕನ್ನಡಕದ ಅಂಗಡಿಗೆ ಹೊರಡುವಾಗ ಒಮ್ಮೆ ಅಜ್ಜಿಯನ್ನೂ ಒಮ್ಮೆ ಇವಳನ್ನೂ ನೋಡಿ ಬಾಗಿಲಲ್ಲೇ ನಿಂತುಬಿಡುತ್ತಿದ್ದ, ಅಷ್ಟೆ.

ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಸೂರ ಉಜ್ಜುವವನು. ಕೆಟ್ಟವನಲ್ಲ. ಏರುದನಿಯಲ್ಲಿ ಒಂದು ದಿನ ಮಾತಾಡಿದವನಲ್ಲ. ಆದರೆ ಏನು ಕೇಳಿದರೂ "ಅತ್ತೇನ ಕೇಳು" ಎನ್ನುತ್ತಿದ್ದ. ಡಬ್ಬಿಗಳ ಮೇಲೆ ಅಂಟಿಸಿದ್ದ ಚೀಟಿಗಳಲ್ಲಿ ಮೊದಲ ಹೆಂಡತಿಯ ಕೈಬರಹವಿತ್ತು. ಅವನ್ನು ಬದಲಿಸಬಹುದೇ ಎಂದರೆ ಅತ್ತೇನ ಕೇಳು. ಮಂಚವನ್ನು ಕಿಟಕಿಯ ಕಡೆ ಎಳೆಯೋಣವೇ ಎಂದರೆ ಅತ್ತೇನ ಕೇಳು. ಅತ್ತೆ, ಅಂದರೆ ಅಜ್ಜಿ, ಬೇಡ ಎನ್ನುತ್ತಿರಲಿಲ್ಲ. "ಮಾಡಮ್ಮ, ನಿನ್ನ ಮನೆ. ಅವಳು ಈ ಕಡೆ ಹಾಕಿದ್ದಳು, ಗಾಳಿ ಚೆನ್ನಾಗಿ ಬರುತ್ತೆ ಅಂತ" ಎನ್ನುತ್ತಿದ್ದರು. ಮಂಚ ಅಲ್ಲೇ ಉಳಿಯುತ್ತಿತ್ತು.

ಜಗಳವಾಡೋಣವೆಂದರೆ ಎದುರಾಳಿಯೇ ಇಲ್ಲ. ಇಬ್ಬರೂ ಮೆತ್ತಗೆ. ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ದಿನವಿಡೀ ಸೂಜಿ ಎಲ್ಲಿ ಹೋದರೂ ಅಜ್ಜಿಯ ಕಿವಿ ಹಿಂದೆಯೇ ಬರುತ್ತಿತ್ತು. ಕಣ್ಣು ಮಂಜಾದಷ್ಟೂ ಅವರ ಕಿವಿ ಚುರುಕಾಗಿತ್ತು. ಸೂಜಿ ಮುಂಬಾಗಿಲ ಚಿಲಕ ಮುಟ್ಟಿದರೆ "ಎಲ್ಲಿಗಮ್ಮಾ?" ಬಚ್ಚಲಲ್ಲಿ ಸ್ವಲ್ಪ ಹೊತ್ತಾದರೆ "ಹುಷಾರಾಗಿದ್ದೀಯಾ?" ನಿಟ್ಟುಸಿರು ಬಿಟ್ಟರೆ, ಅದಕ್ಕೂ ಪ್ರಶ್ನೆ.

ಗಿಡವನ್ನು ನೋಡಿಕೊಳ್ಳುವ ಕೆಲಸವೂ ಅವಳ ಪಾಲಿಗೇ ಬಂತು. ಅಜ್ಜಿ ಕುರ್ಚಿಯಿಂದ ಹೇಳುವುದು, ಇವಳು ಮಾಡುವುದು. ಗೆಡ್ಡೆ ಮಲಗಿರುವ ತಿಂಗಳುಗಳಲ್ಲಿ ತೊಟ್ಟು ನೀರೂ ಹಾಕಬಾರದು, ಕೊಳೆಯುತ್ತದೆ. ಮೊದಲ ಮಳೆ ಬಿದ್ದು ಎರಡು ಮೂರು ವಾರಕ್ಕೆ ಬೆರಳಿನಂಥ ಮೊಳಕೆ ಮಣ್ಣು ಸೀಳಿಕೊಂಡು ಬರುತ್ತಿತ್ತು. ಅದರ ತುದಿ ಮುರಿದರೆ ಆ ವರ್ಷದ ಕತೆ ಮುಗಿಯಿತು. ಗೇಣುದ್ದ ಆಗುವಷ್ಟರಲ್ಲಿ ಕೋಲು ನೆಡಬೇಕು, ಅದೂ ಗೆಡ್ಡೆಗೆ ತಾಗದಂತೆ. ಅದರ ಎಲೆಯ ತುದಿಯೇ ಕೊಕ್ಕೆಯಾಗಿ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಿತ್ತು. ಕೋಲು, ಗೋಡೆಯ ಮೊಳೆ, ಒಮ್ಮೆ ಸೂಜಿಯ ಸೆರಗಿನ ದಾರ ಕೂಡ. ಬುಡದ ಕಳೆ ಕಿತ್ತ ಮೇಲೆ ಕೈ ತೊಳೆಯಲೇಬೇಕು. ಬೇರಿನಿಂದ ಬೀಜದವರೆಗೆ ಎಲ್ಲ ವಿಷ.

ಹೂ ಮಾತ್ರ, ಸುಳ್ಳಾಡಬಾರದು, ಚೆನ್ನಾಗಿತ್ತು. ಅರಳುವಾಗ ಹಸಿರು ಬೆರೆತ ಹಳದಿ, ಮರುದಿನ ಅಂಚಿನಿಂದ ಕೆಂಪು ಏರತೊಡಗಿ ನಾಲ್ಕೈದು ದಿನಕ್ಕೆ ಇಡೀ ಹೂವೇ ಕೆಂಡ. ದಳಗಳು ಗಾಳಿಗೆ ಎದುರು ನಿಂತವಳ ಕೂದಲಿನಂತೆ ಹಿಂದಕ್ಕೆ ಬಾಗಿರುತ್ತಿದ್ದವು. ಮೊದಲ ಹೂ ಅರಳಿದ ಬೆಳಿಗ್ಗೆ ಗಂಡ ಇಟ್ಟಿಗೆ ಸುತ್ತಿನ ಮುಂದೆ ಅರ್ಧ ಗಂಟೆ ನಿಲ್ಲುತ್ತಿದ್ದ. ಅಜ್ಜಿ ಅವನ ಪಕ್ಕದಲ್ಲಿ ನಿಂತು, ಕಾಣದ ಕಣ್ಣಿಂದ ಹೂವಿನ ಕಡೆ ನೋಡುತ್ತ, "ಎಷ್ಟು ಕೆಂಪಾಗಿದೆಯಪ್ಪಾ?" ಎಂದು ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ಆ ಅರ್ಧ ಗಂಟೆ ಸೂಜಿ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಎರಡನೆಯ ವರ್ಷ ಹಾಗೆ ನಿಂತು ಒಳಗೆ ಬಂದವನು ಅವಳನ್ನು ಆ ಇನ್ನೊಬ್ಬಳ ಹೆಸರಿನಿಂದ ಕರೆದು ಲೋಟ ನೀರು ಕೇಳಿದ. ಕರೆದದ್ದು ಅವನಿಗೆ ಗೊತ್ತೂ ಆಗಲಿಲ್ಲ. ಅವಳು ನೀರು ಕೊಟ್ಟಳು.

ಆ ಮಳೆಗಾಲ ಕಳೆದು ಗಿಡ ಒಣಗಿ ಗೆಡ್ಡೆ ಮಲಗಿದ ಮೇಲೆ ಪ್ರೆಸ್ಸಿನ ಯಜಮಾನರು ಫೋನ್ ಮಾಡಿದರು. ಒಂದು ಶಾಲೆಯ ಲೈಬ್ರರಿಯ ಮುನ್ನೂರು ಹಳೆಯ ಪುಸ್ತಕಗಳಿಗೆ ಹೊಸ ಬೈಂಡು ಬೇಕಂತೆ. "ಮನೇಲೇ ಕೂತು ಮಾಡು ಸೂಜಿ. ನಿನ್ನ ಕೈಯಷ್ಟು ಅಚ್ಚುಕಟ್ಟು ಇಲ್ಲಿ ಯಾರದ್ದೂ ಇಲ್ಲ." ಅವಳ ಬೆರಳು ಜುಮ್ಮೆಂದವು. ಆದರೆ ಅಂಟು ಹಾಕಿದ ರಟ್ಟು ಬಿಸಿಲಲ್ಲಿ ಒಣಗಬೇಕು, ಇಲ್ಲದಿದ್ದರೆ ಸೊಟ್ಟಗಾಗಿ ಬೂಸರು ಹಿಡಿಯುತ್ತದೆ. ಬಿಸಿಲಿರುವುದು ಆ ಮೂಲೆಯಲ್ಲಿ.

"ಗಿಡ ಮಲಗಿರೋ ತಿಂಗಳಲ್ಲಿ ಮಾತ್ರ, ಇಟ್ಟಿಗೆ ಮೇಲೆ ಒಂದು ಹಲಗೆ ಹಾಕ್ಕೊಳ್ಲಾ?" ಎಂದು ಗಂಡನನ್ನು ಕೇಳಿದಳು.

"ಅತ್ತೇನ ಕೇಳು."

ಅಜ್ಜಿಯನ್ನು ಕೇಳಿದಳು. ಅವರ ಮುಖ ಸಣ್ಣದಾಯಿತು. "ಅವಳ ಮೇಲೆ ಹಲಗೆ ಹಾಕ್ತೀಯಾ ಮಗೂ?" ಎಂದರು. ಅಷ್ಟೇ. ಪುಸ್ತಕಗಳು ಬೇರೆಯವರ ಕೈಗೆ ಹೋದವು.

ಬೇಸಿಗೆಯ ಕೊನೆಗೆ ಅಜ್ಜಿಯ ಒಂದು ಕಣ್ಣಿನ ಪೊರೆ ತೆಗೆಯುವುದೆಂದು ನಿಶ್ಚಯವಾಯಿತು. ಗಂಡ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರು ವರ್ಷದಲ್ಲಿ ಮೊದಲ ಸಲ ಸೂಜಿ ಮನೆಯಲ್ಲಿ ಒಬ್ಬಳೇ ಇದ್ದಳು. ಹತ್ತು ನಿಮಿಷ ನಡುಮನೆಯಲ್ಲಿ ಸುಮ್ಮನೆ ಕೂತಳು. ಆಮೇಲೆ ಎದ್ದು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಹಳೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಗೆಡ್ಡೆ ಅವಳು ತಿಳಿದಷ್ಟು ಆಳದಲ್ಲಿರಲಿಲ್ಲ. ಪುಟ್ಟ ನೇಗಿಲಿನ ಹಾಗೆ ಕವಲೊಡೆದು, ತಣ್ಣಗೆ, ನುಣ್ಣಗೆ ಕೈಗೆ ಬಂತು. ಹಳೆಯ ಪೇಪರಿನಲ್ಲಿ ಸುತ್ತಿ, ಬೀದಿಯ ತಿರುವಿನಲ್ಲಿ ನಿಂತಿದ್ದ ಕಸದ ಲಾರಿಗೆ ಎಸೆದು ಬಂದಳು. ಮಣ್ಣು ಸಮ ಮಾಡಿ ಕೈಯಿಂದ ತಟ್ಟಿದಳು. ಎಲ್ಲ ಮುಗಿದಾಗ ಹನ್ನೊಂದೂವರೆ. ಮೂಲೆಯಲ್ಲಿ ಬಿಸಿಲಿತ್ತು. ಅಲ್ಲಿ ಸ್ವಲ್ಪ ಹೊತ್ತು ನಿಂತುಕೊಂಡಳು.

ಸಂಜೆ ಅಜ್ಜಿ ಒಂದು ಕಣ್ಣಿಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಬಂದರು. ಸೀದಾ ಹಿಂಬಾಗಿಲಿಗೆ ಹೋಗಿ ಕುರ್ಚಿಯಲ್ಲಿ ಕೂತು ಹಿತ್ತಿಲ ಕಡೆ ಮುಖ ಮಾಡಿದರು. ಅವರು ಏನೂ ಅನ್ನಲಿಲ್ಲ.

ಮಳೆ ಬಂತು. ಒಂದು ವಾರ ಕಳೆಯಿತು, ಎರಡಾಯಿತು, ನಾಲ್ಕಾಯಿತು. ಅಜ್ಜಿಯ ಪಟ್ಟಿ ಬಿಚ್ಚಿ ಕನ್ನಡಕ ಬಂದಿತ್ತು. ಅಳಿಯನೇ ಕೂತು ಉಜ್ಜಿದ ಮಸೂರ. ಹೊಸ ಕಣ್ಣಿನಿಂದ ಅವರು ನೋಡಿದ್ದು ಬರೀ ಮಣ್ಣು. ದಿನಾ ಬೆಳಿಗ್ಗೆ ಬಗ್ಗಿ ನೋಡಿ ಬರುತ್ತಿದ್ದರು. ಮಾತು ಕಡಿಮೆಯಾಯಿತು. ತಟ್ಟೆಯಲ್ಲಿ ಅರ್ಧ ಬಿಡತೊಡಗಿದರು. ಮನೆಯಲ್ಲಿ ಸೂಜಿಯ ಹೆಜ್ಜೆಯ ಹಿಂದೆ ಈಗ ಯಾವ ಪ್ರಶ್ನೆಯೂ ಬರುತ್ತಿರಲಿಲ್ಲ.

"ಗೆಡ್ಡೆ ಕೊಳೆತಿರ್ಬೇಕು ಅತ್ತೆ, ಹೋದ್ ವರ್ಷ ಮಳೆ ಜಾಸ್ತಿ ಇತ್ತಲ್ಲ" ಎಂದ ಗಂಡ.

"ಇರಬಹುದಪ್ಪ" ಎಂದರು ಅಜ್ಜಿ. ತಮ್ಮ ಕೋಣೆಗೆ ಹೋಗಿ ಬಟ್ಟೆಗಳನ್ನು ಮಡಚತೊಡಗಿದರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುವುದನ್ನು ಸೂಜಿ ಬಾಗಿಲ ಸಂದಿಯಿಂದ ಕಂಡಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನದೆಯೇ ಅವಳ ಹೆಗಲು ಸೋತಿತು. ಒಂದು ಬೆಳಿಗ್ಗೆ ಔಷಧಿ ತರುತ್ತೇನೆಂದು ಹೇಳಿ ನರ್ಸರಿಗೆ ಹೋದಳು. ನರ್ಸರಿಯವನು ನಕ್ಕ. "ಅಗ್ನಿಶಿಖೆನಾ? ಅದು ಬೇಲಿ ಗಿಡ ಅಕ್ಕಾ, ತಾನಾಗೇ ಬೆಳೆಯುತ್ತೆ, ಅದನ್ನ ಯಾರು ಕೊಂಡ್ಕೋತಾರೆ? ಗುಲಾಬಿ ಒಯ್ಯಿ." ಬೇಲಿ ಎಂದ ಮೇಲೆ ಬೇಲಿ. ಬಸ್ಸಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಇಟ್ಟಿಗೆ ಭಟ್ಟಿಯ ಆಚೆ ಪೊದೆಗಳ ಪಕ್ಕ ನಡೆದಳು. ಮುಳ್ಳಿನ ನಡುವೆ ಒಂದು ಕಂಡಿತು, ಮೊಣಕಾಲೆತ್ತರ, ಎಲೆಯ ಕೊಕ್ಕೆಗಳಿಂದ ಮುಳ್ಳನ್ನೇ ಹಿಡಿದು ನಿಂತದ್ದು. ಅರ್ಧ ಗಂಟೆ ಅಗೆದಳು. ಬೆಳೆಯುತ್ತಿರುವ ಗಿಡವನ್ನು ಕೀಳಬಾರದು ಎಂದು ಅವಳಿಗೇ ಗೊತ್ತಿತ್ತು. ಮೂರು ವರ್ಷ ಕೇಳಿದ ಪಾಠ. ಮಣ್ಣುಹೆಂಟೆಯ ಸಮೇತ ಸೆರಗಿನಲ್ಲಿ ಕಟ್ಟಿ ತಂದು, ಮಧ್ಯಾಹ್ನ ಅಜ್ಜಿ ಮಲಗಿದಾಗ ಸುತ್ತಿನೊಳಗೆ ನೆಟ್ಟಳು.

ಅಜ್ಜಿ ಎದ್ದು ಬಂದು ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಬೆಳಿಗ್ಗೆ ಇರಲಿಲ್ಲ" ಎಂದರು. "ಈಗ ಎರಡು ಗೇಣಿದೆ."

ಸೂಜಿ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟಳು. "ಹಳೇದನ್ನ ನಾನೇ ಕಿತ್ತೆ ಅಜ್ಜಿ. ನೀವು ಕಣ್ಣಿನ ಆಪರೇಷನ್‌ಗೆ ಹೋದ ದಿನ."

"ಗೊತ್ತು."

"ಗೊತ್ತಿತ್ತಾ?"

"ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಮಂಜು. ಆದ್ರೂ ಹಸಿ ಮಣ್ಣಿನ ವಾಸನೆ ಮೂಗಿಗೆ ಬರಲ್ವಾ? ಬೇಸಿಗೇಲಿ ಹಸಿ ಮಣ್ಣು ಎಲ್ಲಿಂದ ಬರಬೇಕು?"

"ಮತ್ತೆ ಯಾಕೆ ಸುಮ್ನಿದ್ರಿ? ಅವರಿಗೆ ಹೇಳ್ಬಹುದಿತ್ತು."

"ಹೇಳಿದ್ರೆ ಏನಾಗ್ತಿತ್ತು? ನಿಮ್ಮಿಬ್ಬರಿಗೂ ಜಗಳ. ನೀನು ನಿಮ್ಮಣ್ಣನ ಮನೆಗೆ ಹೋಗ್ತಿದ್ದೆ. ನನ್ನಿಂದ ಮನೆ ಮುರಿದ ಮೇಲೆ ನಾನೆಲ್ಲಿಗೆ ಹೋಗ್ಲಿ?" ಅಜ್ಜಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದರು. "ಕೂತ್ಕೋ. ನಾನೂ ಒಂದು ಹೇಳ್ಬೇಕು. ಹೊಟ್ಟೇಲಿ ಇಟ್ಟುಕೊಂಡು ಸಾಕಾಗಿದೆ."

ಸೂಜಿ ಹೊಸ್ತಿಲ ಮೇಲೆ ಕೂತಳು.

"ಆ ಗಿಡ ನನ್ನ ಮಗಳು ನೆಟ್ಟಿದ್ದಲ್ಲ. ಅವಳಿಗೆ ಹೂ ಅಂದ್ರೆ ಸೀನು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡೋಳು. ಈ ಹಿತ್ತಿಲಿಗೆ ಸಿಮೆಂಟ್ ಹಾಕಿಸಿ ಅಂತ ಗಂಡನ ತಲೆ ತಿಂತಿದ್ದಳು. ಅವಳು ಸತ್ತು ಒಂದು ತಿಂಗಳಾದ ಮೇಲೆ ಇವನು ನನ್ನ ಕೇಳಿದ, ಮೆತ್ತಗೇ ಕೇಳಿದ ಪಾಪ: ಅತ್ತೆ, ಮುಂದೆ ನಿಮ್ಮ ಯೋಚನೆ ಏನು ಅಂತ. ನನಗೇನು ಯೋಚನೆ ಇರುತ್ತೆ? ಇದ್ದವಳು ಒಬ್ಬಳೇ ಮಗಳು. ಮಾರನೇ ದಿನ ಕಣ್ಣು ತೋರಿಸೋಕೆ ಹೋದಾಗ ಆಸ್ಪತ್ರೆ ಬೇಲೀಲಿ ಇದು ಒಣಗಿ ನಿಂತಿತ್ತು. ಗೆಡ್ಡೆ ಕಿತ್ತು ತಂದೆ. ಮಳೆ ಬಂದು ಚಿಗುರಿದಾಗ, ನೋಡಪ್ಪ, ಅವಳು ನೆಟ್ಟು ಹೋಗಿದ್ದು ಈಗ ಬಂದಿದೆ ಅಂದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತ. ಆಮೇಲೆ ಯಾವತ್ತೂ ನನ್ನ ಯೋಚನೆ ಕೇಳಲಿಲ್ಲ. ಅದು ಹೂ ಬಿಟ್ಟಾಗೆಲ್ಲ ನನಗೆ ಇನ್ನೊಂದು ವರ್ಷ ಸಿಕ್ತು ಅಂದ್ಕೋತಿದ್ದೆ."

ಶೆಡ್ಡಿನಲ್ಲಿ ಯಾರೋ ಬಸ್ಸಿನ ಎಂಜಿನ್ ಚಾಲು ಮಾಡಿ ಆರಿಸಿದರು. ಸೂಜಿಯ ಮೈಯೆಲ್ಲ ಉರಿಯಿತು.

"ಮೂರು ವರ್ಷ! ಮೂರು ವರ್ಷ ನನ್ನ ಆ ಇಟ್ಟಿಗೆ ಸುತ್ತ ಕುಣಿಸಿದ್ರಲ್ಲ ಅಜ್ಜಿ! ಅವಳಿದ್ದಾಳೆ, ಅವಳಿದ್ದಾಳೆ ಅಂತ!"

"ಹೌದಮ್ಮ" ಎಂದರು ಅಜ್ಜಿ. ಕ್ಷಮೆ ಕೇಳಲಿಲ್ಲ, ಅಳಲೂ ಇಲ್ಲ. ಹೌದು ಎಂದವರ ಮೇಲೆ ಇನ್ನೇನು ಕೂಗುವುದು? ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಅವಳಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಎದ್ದು ಒಳಗೆ ಹೋದಳು.

ಆ ಸಂಜೆ ಗಂಡ ಬರುವವರೆಗೆ ಸೂಜಿ ಒಂದೇ ಮಾತನ್ನು ಮನಸ್ಸಿನಲ್ಲಿ ಆಡಿಕೊಳ್ಳುತ್ತಿದ್ದಳು. ಆ ಗಿಡ ನಿಮ್ಮ ಹೆಂಡತಿ ನೆಟ್ಟಿದ್ದಲ್ಲ. ಐದೇ ಪದ. ಆಡಿದರೆ ಮನೆಯ ಎಲ್ಲ ಬಾಗಿಲೂ ಒಟ್ಟಿಗೇ ತೆರೆಯುತ್ತವೆ. ಅಜ್ಜಿ ಮಡಚಿದ ಬಟ್ಟೆಯ ಗಂಟು ಹಿಡಿದು ಎಲ್ಲಿಗಾದರೂ ಹೋಗುತ್ತಾರೆ. ಮಂಚ ಕಿಟಕಿಯ ಕಡೆ ಬರುತ್ತದೆ. ಮೂಲೆಗೆ ಹಲಗೆ ಬರುತ್ತದೆ.

ಅವನು ಬಂದು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಹೋದವನು ಅಲ್ಲಿಂದಲೇ ಕೂಗಿದ. ಅಷ್ಟು ಗಟ್ಟಿಯಾದ ಅವನ ದನಿಯನ್ನು ಅವಳು ಕೇಳಿರಲಿಲ್ಲ. "ಬಂತಾ! ಅತ್ತೆ, ಬಂದಿದೆಯಲ್ಲ!"

ಗಿಡ ಆಗಲೇ ಬಾಡಿ ತಲೆ ಬಗ್ಗಿಸಿತ್ತು. ಅವನು ಅದರ ಕಾಂಡವನ್ನು ಬೆರಳಿನಿಂದ ಎತ್ತಿ ಹಿಡಿದಿದ್ದ. ಮುಖದಲ್ಲಿ ಬೆಳಕಿತ್ತು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ, ಚೌಕಟ್ಟಿಗೆ ಒರಗಿ, ಸೂಜಿಯನ್ನೇ ನೋಡುತ್ತಿದ್ದರು. ಬೇಡ ಎಂದು ಕಣ್ಣಲ್ಲೂ ಕೇಳಿಕೊಳ್ಳಲಿಲ್ಲ. ತೀರ್ಪಿಗೆ ಕಾದವರ ಹಾಗೆ ನಿಂತಿದ್ದರು.

"ಇದು ಅದಲ್ಲ" ಎಂದಳು ಸೂಜಿ. "ಇದನ್ನ ನಾನು ಇವತ್ತು ಬೇಲಿಯಿಂದ ತಂದು ನೆಟ್ಟಿದ್ದು. ಅದನ್ನ ಬೇಸಿಗೇಲೇ ಕಿತ್ತು ಬಿಸಾಕಿದೆ."

ಅವನು ಕಾಂಡವನ್ನು ಮೆಲ್ಲಗೆ ಬಿಟ್ಟ. ಅದು ಇಟ್ಟಿಗೆಯ ಮೇಲೆ ಮಲಗಿತು.

"ಯಾಕೆ?"

ಅವಳು ಬಾಗಿಲಲ್ಲಿದ್ದ ಅಜ್ಜಿಯ ಕಡೆ ನೋಡಿದಳು.

"ಅವಳು ನಿನಗೇನು ಮಾಡಿದ್ದಳು?" ಎಂದು ಕೇಳಿದ. ಬೈಗುಳವಾಗಿರಲಿಲ್ಲ ಅದು. ನಿಜಕ್ಕೂ ತಿಳಿಯದೆ ಕೇಳಿದ್ದ.

ಐದು ಪದ ನಾಲಗೆಯ ತುದಿಯಲ್ಲೇ ಇದ್ದವು. ಅಜ್ಜಿಯ ಕೈ ಚೌಕಟ್ಟನ್ನು ಹಿಡಿದಿತ್ತು. ಎಪ್ಪತ್ತೊಂದು ವರ್ಷದ ಕೈ, ಬಟ್ಟೆ ಮಡಚಿ ಮಡಚಿ ಸುಸ್ತಾದದ್ದು. "ಏನೂ ಮಾಡಿರಲಿಲ್ಲ" ಎಂದಳು ಸೂಜಿ. "ನನಗೇ ತಡೀಲಾಗ್ಲಿಲ್ಲ."

ಹಾಗೆಂದ ಕ್ಷಣವೇ ತಾನು ಮಾಡಿದ್ದೇನೆಂದು ಅವಳಿಗೆ ಹೊಳೆಯಿತು. ಇಷ್ಟು ದಿನ ಬೇರೆಯವರು ಹಾಕಿದ್ದ ಅಗುಳಿ. ಈಗ ಒಳಗಿನಿಂದ ತಾನೇ ಹಾಕಿಕೊಂಡಿದ್ದಳು.

ಗಂಡ ಹನ್ನೊಂದು ದಿನ ಅವಳೊಡನೆ ಮಾತಾಡಲಿಲ್ಲ. ಊಟ ಬಡಿಸಿದರೆ ಉಂಡ, ಬಟ್ಟೆ ಕೊಟ್ಟರೆ ಹಾಕಿಕೊಂಡ. ಹನ್ನೆರಡನೆಯ ದಿನ ಭಾನುವಾರ. ಹಿತ್ತಿಲಿಗೆ ಹೋಗಿ ಇಟ್ಟಿಗೆಗಳನ್ನು ಒಂದೊಂದಾಗಿ ಕಿತ್ತು ಗೋಡೆಗೆ ಒಟ್ಟಿದ. ಬೇಲಿಯಿಂದ ತಂದ ಗಿಡ ಅಷ್ಟರಲ್ಲಿ ದಾರದಂತೆ ಒಣಗಿತ್ತು. ಅವಳ ಮುಖ ನೋಡದೆ, "ಹಲಗೆ ಹಾಕ್ಕೋಬೇಕು ಅಂತಿದ್ದೆಯಲ್ಲ, ಹಾಕ್ಕೋ" ಎಂದ.

ಹಾಕಿಕೊಂಡಳು. ಬೇಕಾದದ್ದು ಸಿಕ್ಕಿತು ಎಂದು ಯಾರಾದರೂ ಅನ್ನಬಹುದು. ಪ್ರೆಸ್ಸಿನಿಂದ ಕೆಲಸ ಬರತೊಡಗಿತು. ಹತ್ತರಿಂದ ಒಂದರವರೆಗೆ ರಟ್ಟುಗಳು ಸಾಲಾಗಿ ಒಣಗುತ್ತಿದ್ದವು. ಅಜ್ಜಿ ಕುರ್ಚಿಯನ್ನು ಹಲಗೆಯ ಪಕ್ಕಕ್ಕೇ ಎಳೆದುಕೊಂಡರು. ಹೊಸ ಕನ್ನಡಕದಲ್ಲಿ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದರು, ಫಾರಂ ಮಡಚಲು ಹೋಗಿ ಪುಟ ಹಿಂದುಮುಂದು ಮಾಡುತ್ತಿದ್ದರು. ಅವಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಮೊದಲು ಕಿವಿ ಮಾತ್ರ ಹಿಂದೆ ಬರುತ್ತಿತ್ತು, ಈಗ ಇಡೀ ಅಜ್ಜಿಯೇ. ಗಂಡನ ಮಾತು ಹಳೆಯ ಲೆಕ್ಕಕ್ಕೆ ಬಂತು, ಉಪ್ಪು, ಸೋಪು, ಗ್ಯಾಸು. ಆದರೆ ಅವಳಿರುವ ಕೋಣೆಗೆ ಬರುವ ಮುಂಚೆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದ, ಪರರ ಮನೆಗೆ ಬಂದವನ ಹಾಗೆ. ನಿಜ ಹೇಳಿಬಿಡಲೇ ಎಂದು ವಾರಕ್ಕೊಮ್ಮೆಯಾದರೂ ಅವಳಿಗೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಅಜ್ಜಿ ಪೋಣಿಸಿದ ಸೂಜಿಯನ್ನು ಮುಂದೆ ಹಿಡಿಯುತ್ತಿದ್ದರು.

ಮರುವರ್ಷ ಮಳೆ ಬಿದ್ದು ಮೂರನೆಯ ವಾರ ಹಲಗೆಯ ಕೆಳಗಿನಿಂದ ಸಣಕಲು ಮೊಳಕೆಯೊಂದು ಹೊರಬಂದು ಹಲಗೆಯ ಅಂಚನ್ನು ಹಿಡಿದುಕೊಂಡಿತು. ಬೇಲಿಯ ಗಿಡ ಮೇಲೆ ಸತ್ತರೂ ಕೆಳಗೆ ಬದುಕಿತ್ತು.

"ಒಂದು ವರ್ಷ ಮುನಿಸಿಕೊಳ್ಳುತ್ತೆ, ಅಷ್ಟೆ" ಎಂದರು ಅಜ್ಜಿ. "ಕೀಳ್ತೀಯಾ?"

"ಇರ್ಲಿ."

ಕೋಲು ನೆಡಲಿಲ್ಲ, ಕಳೆಯನ್ನೂ ಕೀಳಲಿಲ್ಲ. ಎರಡು ಹೂ ಬಿಟ್ಟಿತು. ಗಂಡ ಕೈಕಾಲು ತೊಳೆಯಲು ಬಂದವನು ನೋಡಿದ, ನಿಲ್ಲದೆ ಒಳಗೆ ಹೋದ.

ಆ ತಿಂಗಳಲ್ಲೇ ಜನಗಣತಿಯವಳು ಬಂದಳು. ಹೆಗಲಿಗೆ ಚೀಲ, ಕೈಯಲ್ಲಿ ಫಾರಂ, ಕಾಲು ನೋಯುತ್ತಿದೆ ಎಂದು ಕೇಳದೆಯೇ ಕೂತಳು. ಮನೆಯಲ್ಲಿ ಎಷ್ಟು ಜನ ಎಂದಳು. ಮೂರು ಎಂದ ಗಂಡ. ತನ್ನ ವಯಸ್ಸು, ಕಸುಬು ಹೇಳಿದ. ಹೆಂಡತಿಯ ಕಸುಬು ಎಂದಾಗ ಬೈಂಡಿಂಗ್ ಎಂದ.

"ಇವರು ನಿಮಗೇನಾಗಬೇಕು?" ಎಂದು ಅವಳು ಅಜ್ಜಿಯ ಕಡೆ ಪೆನ್ನು ತೋರಿಸಿದಳು.

"ಅತ್ತೆ."

"ಹಾಗಾದ್ರೆ ಇವರ ತಾಯಿ." ಪೆನ್ನು ಸೂಜಿಯ ಕಡೆ ತಿರುಗಿತು.

ಗಂಡ ಬಾಯಿ ತೆರೆದವನು ನಿಲ್ಲಿಸಿದ. ಅಜ್ಜಿ ಕನ್ನಡಕ ತೆಗೆದು ಸೆರಗಿಗೆ ಒರೆಸತೊಡಗಿದರು.

"ಹೌದು, ಬರ್ಕೊಳ್ಳಿ" ಎಂದಳು ಸೂಜಿ.

ಗಣತಿಯವಳು ಬರೆದುಕೊಂಡು, ಗಂಡನಿಂದ ಸಹಿ ಮಾಡಿಸಿ, ನೀರು ಕುಡಿದು ಎದ್ದಳು. ಬಾಗಿಲು ಮುಚ್ಚಿದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದರು, "ಹಾಗ್ಯಾಕಂದೆ ಮಗೂ?"

"ಫಾರಂನಲ್ಲಿ ಬೇರೆ ಖಾನೆ ಇರ್ಲಿಲ್ಲ" ಎಂದು ಸೂಜಿ ಅಂಟಿನ ಡಬ್ಬಿ ತೆಗೆದುಕೊಂಡು ಹಿತ್ತಿಲಿಗೆ ನಡೆದಳು. ಹಿಂದೆಯೇ ಕುರ್ಚಿ ಎಳೆಯುವ ಸದ್ದು ಬಂತು.